ಯ ಒತ್ತು

ಗ್ಯಾಸ್ ಏಜೆನ್ಸಿಯ ಕ್ಯಾಲೆಂಡರಿನಲ್ಲಿ
ಹಾಲು ಬಾರದ ದಿನಕ್ಕೆ ಸೊನ್ನೆ,
ನಾನು ಓದುವ ದಿನಕ್ಕೆ ಗೀಟು.
ಈ ಜನವರಿ ಸೊನ್ನೆ ಐದು, ಗೀಟು ಮೂರು.
ಹೋದ ವರ್ಷ ಇಡೀ ಬರೀ ಸೊನ್ನೆ.

ಹತ್ತೊಂಬತ್ತು, ಭಾನುವಾರ, ಡೊಂಬಿವಲಿ ಪೂರ್ವ,
ಸಂಘದ ಅರಸಿನ ಕುಂಕುಮ.
ಮಕ್ಕಳ ಡ್ಯಾನ್ಸಿಗೂ ಲಕ್ಕಿ ಡ್ರಾಗೂ ನಡುವೆ
ನನಗೆ ಹತ್ತು ನಿಮಿಷ.
ಹತ್ತೆಂದರೆ ನಾಲ್ಕು ಎಂದು ಗೊತ್ತಿದ್ದೇ
ನಾಲ್ಕು ನಿಮಿಷದ್ದನ್ನು ಆರಿಸಿಟ್ಟಿದ್ದೇನೆ:
ಅತ್ತೆಯ ಹಲ್ಲುಸೆಟ್ಟಿನ ಪದ್ಯ. ನಗುತ್ತಾರೆ.
ಕೊನೆಯ ಸಾಲು ಮಾತ್ರ ನಗಲಿಕ್ಕಲ್ಲ,
ಅಷ್ಟರಲ್ಲಿ ಮೈಕು ಬೇರೆಯವರ ಕೈಯಲ್ಲಿರುತ್ತದೆ.
ಮೂರನೇ ಬಹುಮಾನ ನನ್ನದೇ ಪುಸ್ತಕವಂತೆ.
ಮೊದಲನೆಯದು ಮಿಕ್ಸರ್. ಎರಡನೆಯದು, ಬಿಡಿ.

ಇಪ್ಪತ್ತಾರು, ಮಾಟುಂಗಾ, ಬಿಡುಗಡೆ.
ಸಂಜೆ, ಬಾವುಟ ಇಳಿದ ಮೇಲೆ.
ಅಧ್ಯಕ್ಷರು ಹೂಂ ಅಂದಿಲ್ಲ, ಉಹೂಂ ಅಂದದ್ದೂ ಇಲ್ಲ,
‘ನೋಡುವಾ’ ಅಂದಿದ್ದಾರೆ.
ನಮ್ಮ ಕಡೆ ‘ನೋಡುವಾ’ ಎಂದರೆ
ಶಾಲು ತಂದಿಡಬೇಕು ಎಂದರ್ಥ.
ತಂದಿಟ್ಟಿದ್ದೇನೆ. ದಾದರಿನಲ್ಲಿ, ಚೌಕಾಸಿ ಮಾಡಿ.
ದೀಪಾವಳಿ ಬೋನಸ್ಸು ಹಾಲಿನ ಬಾಡಿಗೆಗಾಯಿತು,
ಫ್ಯಾನಿಗೆ ಬೇರೆ ಚಾರ್ಜು ಎಂದಾಗ
ಚಳಿಗಾಲ ತಾನೇ ಅಂದೆ. ಮುಂಬಯಿಯಲ್ಲಿ!

ಮೂವತ್ತೊಂದು, ರಾತ್ರಿ ಹನ್ನೊಂದೂವರೆ,
ಫೋರ್ಟಿನ ಒಂದು ಹೋಟೆಲಿನ ಹಿಂಬಾಗಿಲು.
ಶಟರ್ ಎಳೆದು, ಗ್ರೈಂಡರ್ ತೊಳೆದು
ಹುಡುಗರು ಈರುಳ್ಳಿ ಗೋಣಿಗಳ ಮೇಲೆ ಕೂರುತ್ತಾರೆ.
ಕರೆದವನು ದೋಸೆಕಲ್ಲಿನ ಶೀನ ಮೊಗವೀರ.
‘ಅಕ್ಕಾ, ಅರ್ಥ ಆಗುವಂಥದ್ದು ಓದಬೇಡಿ,
ಅದನ್ನು ನಾವು ದಿನಾ ಕೇಳ್ತೇವೆ’ ಅಂದ.
ಅವತ್ತಿನಿಂದ ನನ್ನ ಪದ್ಯಗಳನ್ನೆಲ್ಲ
ಒಂದೊಂದಾಗಿ ಎತ್ತಿ ನೋಡುತ್ತಿದ್ದೇನೆ,
ಮೀನು ಕೊಳ್ಳುವಾಗ ಕಿವಿರು ಬಿಡಿಸಿ ನೋಡುವ ಹಾಗೆ.
ಮೂರು ಕಡೆಗಳಲ್ಲಿ ಭಯವಿರುವುದು ಅಲ್ಲಿಯದೊಂದೇ.

ಇನ್ನು ಪುಸ್ತಕ. ಮುನ್ನೂರು ಪ್ರತಿ. ಪ್ರಕಾಶಕಿ ನಾನೇ.
ಗೋದಾಮು ದಿವಾದ ನಮ್ಮ ಖೋಲಿಯ ಅಟ್ಟ,
ಗಣಪತಿಯ ಮಂಟಪಕ್ಕೂ ಹಳೆ ಕುಕ್ಕರಿಗೂ ಮಧ್ಯೆ.
ಗಿರಗಾಂವಿನ ಪ್ರೆಸ್ಸಿನ ತುಷಾರ ಘಾಡಿಗಾಂವ್ಕರನಿಗೆ
ಕನ್ನಡ ಬಾರದು, ನೋಡಲು ಇಷ್ಟ, ಅಷ್ಟೇ.
ಮುಖಪುಟದಲ್ಲಿ ನಾನು ಲೋಲಾಕ್ಷಿ ಕೋಟಾನ್.
ಕೋಟ್ಯಾನಿನ ಯ ಒತ್ತು
ಅವನ ಕಂಪ್ಯೂಟರಿನಲ್ಲಿ ಯಾವುದೋ ಸ್ಟೇಷನ್ನಿಗೆ ಇಳಿದುಹೋಗಿದೆ.
‘ಇಷ್ಟು ಗುಂಡುಗುಂಡಗಿನ ಅಕ್ಷರಗಳಲ್ಲಿ
ಒಂದು ಬಾಲ ಬಿದ್ದದ್ದು ಹೇಗೆ ಗೊತ್ತಾಗಬೇಕು ತಾಯಿ?’
ಮತ್ತೆ ಅಚ್ಚು ಹಾಕಲು ಎಷ್ಟೆಂದು ಹೇಳಿದ.
ನಾನೊಂದು ಕಪ್ಪು ಪೆನ್ನು ಕೊಂಡೆ.

ಅವನ ತಪ್ಪೂ ಅಲ್ಲ. ಕರಡು ನೋಡಿ ಸಹಿ ಹಾಕಿದ್ದು ನಾನು.
ಮಸ್ಜಿದ್ ಬಂದರಿನ ಔಷಧದ ಮಳಿಗೆಯಲ್ಲಿ
ಇಪ್ಪತ್ತೆರಡು ವರ್ಷದಿಂದ
ಗಡುವು ಮುಗಿದ ಬಾಟಲಿಗಳನ್ನು ಬೇರೆ ಇಡುವವಳು,
ಇರುವೆ ಗಾತ್ರದ ತಾರೀಖೂ ಕಣ್ತಪ್ಪಿದ್ದಿಲ್ಲ.
ನನ್ನ ಹೆಸರನ್ನು ಮಾತ್ರ ಓದಿರಲಿಲ್ಲ,
ಅದು ಸರಿಯಿದ್ದೇ ಇರುತ್ತದೆ ಅಂದುಕೊಂಡು.

ಈಗ ಸಂಜೆಯ ಸ್ಲೋ ಲೋಕಲ್ಲಿನಲ್ಲಿ
ದಿನಕ್ಕೆ ಹದಿನೈದು ಪ್ರತಿ ತೊಡೆಯ ಮೇಲೆ.
ಹೆಂಗಸರ ಡಬ್ಬಿ, ಒತ್ತಿಗೇನೂ ಕೊರತೆಯಿಲ್ಲ,
ಎಡಕ್ಕೊಂದು ಮೊಣಕೈ, ಬಲಕ್ಕೊಂದು ಛತ್ರಿ.
ಎದುರಿನವಳು ಬಟಾಣಿ ಸುಲಿಯುತ್ತ ನೋಡಿ ನೋಡಿ
ಎಂಟನೆಯ ದಿನಕ್ಕೆ ಮರಾಠಿಯಲ್ಲಿ ಕೇಳಿದಳು:
‘ದಿನಾ ಅದೊಂದೇ ಬರೀತೀಯಲ್ಲ, ಏನದು?’
‘ನನ್ನ ಹೆಸರು.’
‘ಇನ್ನೂ ಮುಗಿದಿಲ್ಲವಾ?’
ಎಂದು ತನ್ನ ಡಬ್ಬದ ಮುಚ್ಚಳವನ್ನು
ಪುಸ್ತಕದಡಿಗೆ ಒತ್ತುಗೊಟ್ಟಳು, ಅಲುಗದಿರಲೆಂದು.

ಬನ್ನಿ. ಮೂರರಲ್ಲಿ ಯಾವುದಕ್ಕಾದರೂ.
ಕೊಂಡರೆ ನೂರ ಇಪ್ಪತ್ತು, ಕೊಳ್ಳದಿದ್ದರೂ ಚಹಾ.
ನಿಮ್ಮ ಪ್ರತಿಯಲ್ಲಿ ಆ ಒತ್ತು ನೆಟ್ಟಗಿದ್ದರೆ
ಗಾಡಿ ಸಿಗ್ನಲ್ಲಿಗೆ ನಿಂತಿತ್ತು.
ಸೊಟ್ಟಗಿದ್ದರೆ ಅದು ಕುರ್ಲಾ.