ಕೊನೆಗದ್ದೆ

ಅರಕಲಗೂಡಿನ ಕಡೆಯ ಬಸ್ಸು ತಿರುಗಿ ಹೋದಮೇಲೆ
ನಮ್ಮೂರಲ್ಲಿ ಸದ್ದೆಂದರೆ ನೀರಿನದೇ.
ಹಾಸನದಿಂದ ಬಂದ ಷಡ್ಡಕ ಜಗಲಿಯಲ್ಲಿ ಕಾಲು ಚಾಚಿ
‘ಎಷ್ಟು ನೆಮ್ಮದಿ ಕಣಯ್ಯ, ಸೂಜಿ ಬಿದ್ದರೂ ಕೇಳುತ್ತೆ’ ಅಂದ.
ತಲೆಯಾಡಿಸಿದೆ.
ಅವನಿಗೇನು ಗೊತ್ತು,
ಇಲ್ಲಿ ಎಲ್ಲರೂ ಸುಮ್ಮನಿರುವುದು
ಈಗ ಯಾರ ಗದ್ದೆಗೆ ನೀರು ಹೋಗುತ್ತಿದೆಯೆಂದು
ಕಿವಿಗೊಟ್ಟು ಮಲಗಿರುವುದರಿಂದ.

ನಮ್ಮದು ಕೊನೆಗದ್ದೆ.
ತೂಬಿನಿಂದ ಹೊರಟ ನೀರು
ಹುಚ್ಚೇಗೌಡರ ಹತ್ತು ಗದ್ದೆ, ಈರಾಜನ ಕೆಸುವಿನ ಗುಂಡಿ,
ಶಾಲೆಯ ಹಿಂದಿನ ಏಡಿಬಿಲ,
ಎಲ್ಲವನ್ನೂ ಕುಡಿಸಿ ನಮ್ಮ ಬದುವಿಗೆ ಬರುವಾಗ
ತೀರ್ಥದಷ್ಟು:
ಅಂಗೈಲಿ ಹಿಡಿದು ಕಣ್ಣಿಗೊತ್ತಿಕೊಳ್ಳಬೇಕು.

ಅಪ್ಪ ಹೇಳುತ್ತಿದ್ದ,
‘ಕೊನೆಗದ್ದೆಯವನಿಗೆ ಎರಡೇ ದೇವರು.
ಮಳೆ ಒಂದು, ನೀರುಗಂಟಿ ಒಂದು.
ಮೊದಲನೆಯದಕ್ಕೆ ಕಿವಿಯಿಲ್ಲ.’

ನೀರುಗಂಟಿ ಜವರಯ್ಯನಿಗೆ ಗಡಿಯಾರವಿರಲಿಲ್ಲ.
ಹಗಲು ತನ್ನ ನೆರಳನ್ನು ಅಡಿಯಲ್ಲಿ ಅಳೆದು
ಇರುಳು ಚಿಕ್ಕೆ ನೋಡಿ ಮಡೆ ತಿರುಗಿಸುತ್ತಿದ್ದ.
ಮೋಡ ಮುಚ್ಚಿದ ರಾತ್ರಿ ಬೀಡಿ ಲೆಕ್ಕ.
ಗದ್ದೆಗೆ ಮೂರು ಬೀಡಿ.
ನಮಗೆ ಮಾತ್ರ ನಾಲ್ಕನೆಯದನ್ನೂ ಹಚ್ಚುತ್ತಾನೆಂದು
ಅಪ್ಪ ಸಾಯುವತನಕ ನಂಬಿದ್ದ.

ಜವರಯ್ಯ ಹೋದ ವರ್ಷ ಡೈರಿ ಕಟ್ಟಡದಲ್ಲಿ ಸೇರಿದೆವು.
ಮಗಳು ನಿಂಗಾಜಮ್ಮ ಬಾಗಿಲ ಹೊರಗೇ ನಿಂತು
‘ಗುದ್ದಲಿ ನಮ್ಮನೇಲೈತೆ, ನಾನೇ ಹೊತ್ಕೋತೀನಿ’ ಅಂದಳು.
‘ಹೆಂಗಸು, ಕತ್ತಲಲ್ಲಿ, ಏರಿ ಮೇಲೆ?’
ಅಂದರು ಯಾರೋ.
ಯಾರೋ ಏನು, ನಾನೇ.
ಬೇರೆ ಯಾರೂ ಮುಂದೆ ಬರದೆ ಒಪ್ಪಿದೆವು.
ಹಳೇ ಆಯವೇ, ಗದ್ದೆಗೊಂದು ಹೊರೆ.

ರಾಜಮುಡಿ ಹೊಡೆ ಕಟ್ಟಿದ ಹೊತ್ತು,
ಬತ್ತಕ್ಕೆ ಬಸುರಿಯ ಬಾಯಾರಿಕೆ.
ಎಂಟು ದಿನದಿಂದ ಮೋಡ ಬಂದು ಬಂದು
ಮುಖ ತೋರಿಸಿ ಹೋಗುತ್ತಿತ್ತು.
ನಡುರಾತ್ರಿ ಎದ್ದೆ. ಟಾರ್ಚು ಹಚ್ಚಲಿಲ್ಲ.
ಗುದ್ದಲಿ ಸದ್ದು ಮಾಡುತ್ತದೆ;
ಬರಿಗೈಯಲ್ಲೇ ಹುಚ್ಚೇಗೌಡರ ಮಡೆಗೆ ಮಣ್ಣು ಕಟ್ಟಿ
ಕಾಲುವೆ ಬಿಡಿಸಿದೆ.
ನೀರು ನನ್ನ ಕಡೆ ತಿರುಗಿತು,
ಯಾರು ಕರೆದರೂ ಬರುವ ನಾಯಿಯಂತೆ.

ತಲೆಯೆತ್ತಿದರೆ ಬದುವಿನ ಮೇಲೆ ನಿಂಗಾಜಮ್ಮ.
ಸೆರಗು ಸೊಂಟಕ್ಕೆ ಸಿಕ್ಕಿಸಿ
ಒಂದು ಕಾಲು ಕಾಲುವೆಯೊಳಗಿಟ್ಟು ಕೂತಿದ್ದಾಳೆ.
ಮೀನಗಂಡಕ್ಕೆ ತಾಗುತ್ತಿದ್ದ ನೀರು
ಹರಡಿಗೆ ಇಳಿದದ್ದು ಅವಳಿಗೆ ತಿಳಿದಿರಬೇಕು.
ಬಯ್ಯಲಿಲ್ಲ. ಹೆಸರು ಹಿಡಿಯಲಿಲ್ಲ.
ನಾನು ಕಟ್ಟಿದ್ದನ್ನು ಹಿಮ್ಮಡಿಯಿಂದ ಒಡೆದಳು,
ತೆರೆದದ್ದನ್ನು ತುಳಿದು ಮುಚ್ಚಿದಳು.
‘ನಿಮ್ದು ಬೆಳ್ಳಿ ಮೂಡೋ ಹೊತ್ಗೆ.
ಮನಿಕ್ಕೊಳಿ ಹೋಗಿ.’

ಬೆಳ್ಳಿ ಮೂಡಿತು. ನೀರು ಬಂತು.
ತೀರ್ಥವಲ್ಲ, ಕಣಕಾಲು ಮುಳುಗುವಷ್ಟು.

ಬೆಳಿಗ್ಗೆ ಡೈರಿಯ ಸಾಲಿನಲ್ಲಿ ಹುಚ್ಚೇಗೌಡರು
‘ಏನಯ್ಯಾ’ ಎಂದು ಭುಜ ಹಿಡಿದಾಗ
ಕೈಲಿದ್ದ ಕ್ಯಾನು ತುಳುಕಿತು.
ಅವರು ಕೇಳಿದ್ದು, ಫ್ಯಾಟು ಎಷ್ಟು ಬಂತು ಎಂದು.
ನಾಳೆ ಹೇಳುತ್ತಾಳೆ ಅಂದುಕೊಂಡೆ. ನಾಡಿದ್ದು.
ಗೌರಿಹಬ್ಬ ಹೋಯಿತು, ದೀಪಾವಳಿ ಹೋಯಿತು.
ಊರು ಹಾಗೇ ಸುಮ್ಮನಿತ್ತು.
ಆ ಸುಮ್ಮನೆಯೊಳಗೆ ಒಬ್ಬಳ ಬಾಯಿ ಇತ್ತೆಂದು
ನನಗೊಬ್ಬನಿಗೇ ಗೊತ್ತಿತ್ತು.

ಕುಯಿಲಾಯಿತು.
ಮೂರು ಗದ್ದೆಗೆ ಮೂರು ಹೊರೆ ಕೊಡಬೇಕಾದವನು
ಐದು ಗಾಡಿಗೇರಿಸಿ ಅವಳ ಮನೆಮುಂದೆ ಇಳಿಸಿದೆ.
ಎಣಿಸಿದಳು.
ಎರಡನ್ನು ಒಬ್ಬಳೇ ಎತ್ತಿ ಮತ್ತೆ ಗಾಡಿಗೇ ಹಾಕಿದಳು.
‘ಮೂರು ನೀರಿಂದು.
ಇವೆರಡು ಯಾತರದು?’
ಗಾಡಿಯಲ್ಲಿ ಕೂತಿದ್ದ ನನ್ನ ಹೆಂಡತಿ ನನ್ನ ಮುಖ ನೋಡಿದಳು.
ನಾನು ಎತ್ತಿನ ಬೆನ್ನು ಸವರಿದೆ.

ಷಡ್ಡಕ ಇನ್ನೂ ನೆಮ್ಮದಿಯಲ್ಲೇ ಇದ್ದಾನೆ,
ಈ ಕಡೆ ಒಂದು ಸೈಟು ಸಿಗುತ್ತಾ ಎಂದು ಕೇಳುತ್ತಾನೆ.
ಸಿಗಬಹುದು, ಅಂದೆ.
ಒಳಗೆ ಹಾಸಿಗೆ ಹಾಸಿದ್ದಾರೆ.
ದೂರ, ಏರಿಯ ಆಚೆ, ಗುದ್ದಲಿ
ಒಂದೇ ಒಂದು ಸಲ ಮಣ್ಣಿಗೆ ತಾಗಿತು.
ಅವನು ಆಕಳಿಸಿದ.
ಯಾರ ಮಡೆಯೋ.
ನಮ್ಮದಲ್ಲ, ಇನ್ನೂ.