ಪರದೆಗೆ ಬೆನ್ನು

ಪರದೆಗೆ ಬೆನ್ನು ಮಾಡಿ ನಿಲ್ಲುವುದು ನನ್ನ ಕೆಲಸ.
ದೋಹಾ, ಇಂಡಸ್ಟ್ರಿಯಲ್ ಏರಿಯಾ, ಶುಕ್ರವಾರ,
ಹತ್ತು ರಿಯಾಲಿನ ಟಿಕೆಟ್ಟು, ಕೈಯಲ್ಲೊಂದು ಟಾರ್ಚು.
ಐದು ವರ್ಷದಲ್ಲಿ ಒಂದು ಸಿನಿಮಾನೂ ನೋಡಿದವನಲ್ಲ,
ಎಲ್ಲವನ್ನೂ ಮುಖಗಳಲ್ಲಿ ಓದಿದ್ದೇನೆ:
ಕೆನ್ನೆ ಕೆಂಪಾದರೆ ಬೆಂಕಿ, ನೀಲಿಯಾದರೆ ಕಡಲು,
ಅರ್ಧ ಸಾಲು ಎದ್ದು ಮೂತ್ರಕ್ಕೆ ಹೋದರೆ
ನಾಯಕಿಯ ಅಪ್ಪ ಬುದ್ಧಿ ಹೇಳುತ್ತಿದ್ದಾನೆ.

ಈ ವಾರದ್ದು ಮುಂದಿನ ಕಾಲದ ಕತೆ.
ಇಸವಿ ಎರಡು ಸಾವಿರದ ನೂರಾ ನಲವತ್ತೊಂದು.
ಒಂದು ಕೊಲೆ. ಸತ್ತವನನ್ನು ಸುಟ್ಟು ತಿಂಗಳಾಗಿದೆ,
ಆದರೂ ಊರಿನ ಬಾಗಿಲುಗಳು ದಿನವೂ
ಅವನ ಬೆರಳಿಗೇ ತೆರೆದುಕೊಳ್ಳುತ್ತಿವೆಯಂತೆ.
ನನ್ನ ಬೆನ್ನ ಹಿಂದೆ ಪತ್ತೇದಾರ ಗಡಸು ದನಿಯಲ್ಲಿ ಹೇಳಿದ,
"ಬೆರಳು ಸುಳ್ಳು ಹೇಳುವುದಿಲ್ಲ."

ಹೆದರಬೇಕಾದ ಜಾಗ ಅದು.
ಪಿಟೀಲುಗಳು ಅಷ್ಟು ಕಿರುಚಿದ್ದು ಅದಕ್ಕೇ.
ಮೂರನೇ ಸಾಲು ಹೋ ಎಂದು ನಕ್ಕಿತು.
ಉಪ್ಪಿನಂಗಡಿಯ ಹಸೈನಾರ್ ಹೆಬ್ಬೆರಳು ಎತ್ತಿದ.
ಹದಿನಾಲ್ಕು ವರ್ಷದ ಸಿಮೆಂಟು ಗೆರೆಗಳನ್ನೆಲ್ಲ ತಿಂದು
ಹೊಳೆಕಲ್ಲಿನ ಹಾಗೆ ನುಣ್ಣಗಾಗಿದೆ.
ಕ್ಯಾಂಪಿನ ಹಾಜರಿ ಯಂತ್ರ ದಿನಾ ಬೆಳಿಗ್ಗೆ ಕೆಂಪಾಗಿ ಕೂಗುತ್ತದೆ,
ಇವನು ಯಾರೋ ಗೊತ್ತಿಲ್ಲ, ಇವನು ಯಾರೋ ಗೊತ್ತಿಲ್ಲ.
"ನಾನು ಕೊಂದರೆ ಹೇಗೆ ಹಿಡೀತಾನೆ ನೋಡುವಾ!"
ಪಕ್ಕದ ನೇಪಾಳಿಗೆ ಮಾತು ತಿಳಿಯಲಿಲ್ಲ, ಬೆರಳು ತಿಳಿಯಿತು.
ಅವನೂ ತನ್ನದನ್ನು ಎತ್ತಿದ. ಅವನ ಪಕ್ಕದವನೂ.
ಪರದೆಯ ಬೆಳಕಲ್ಲಿ ಹದಿನೇಳು ಹೆಬ್ಬೆರಳು,
ಎಣಿಸಿದ್ದೇನೆ.

ಹಾರುವ ಕಾರುಗಳಿಗೆ ಯಾರೂ ಹುಬ್ಬೇರಿಸಲಿಲ್ಲ.
ಆಮೇಲೆ, ಸತ್ತವನ ಮನೆ.
ಒಂದು ಯಂತ್ರ ಅವನದೇ ದನಿಯಲ್ಲಿ
ರಾತ್ರಿ ಮಗಳಿಗೆ ಕತೆ ಹೇಳುತ್ತದೆ,
ಮಗಳಿಗೆ ಗೊತ್ತೇ ಆಗುವುದಿಲ್ಲ.
ಆಗ ಮಾತ್ರ ಒಬ್ಬನೂ ಕೆಮ್ಮಲಿಲ್ಲ.
ಗುರುಮಠಕಲ್ಲಿನ ಮೋನಪ್ಪ ಕತ್ತಲಲ್ಲಿ ಕಾಲುಗಳನ್ನು ದಾಟುತ್ತ ಬಂದ,
ಮೊಬೈಲು ಆಗಲೇ ಕಿವಿಗೆ.
ಸಿನಿಮಾ ಇನ್ನೂ ಐತಲ್ಲೋ, ಅಂದೆ.
"ಇರ್ಲಿ ಬಿಡ್ರಿ, ನನ್ನ ದನಿ ನಾನೇ ಕೊಟ್ಟು ಬರ್ತೀನಿ."
ಬಾಗಿಲು ತೆರೆದುಕೊಟ್ಟೆ. ಅದಕ್ಕೆ ಬೆರಳು ಬೇಕಿಲ್ಲ,
ಭುಜ ಕೊಟ್ಟು ತಳ್ಳಬೇಕು.

ಕೊನೆಯ ಬೆನ್ನಟ್ಟುವಿಕೆ ಗಾಜಿನ ಗೋಪುರಗಳ ಮೇಲೆ.
ಮುಖಗಳೆಲ್ಲ ಬೆಳ್ಳಿಯಾದವು.
ಶೀನ ಎದ್ದು ನಿಂತೇಬಿಟ್ಟ.
"ಹೋಯ್, ಅದು ವೆಸ್ಟ್ ಬೇ! ಅದು ನನ್ನ ಬಿಲ್ಡಿಂಗು!
ನಲವತ್ತೆರಡನೇ ಮಾಳಿಗೆ, ಎಡದಿಂದ ಆರನೇ ಗಾಜು,
ಮೂಲೆಯಲ್ಲಿ ಬಿರುಕು, ಉಂಟಾ ಇಲ್ವಾ ನೋಡಿ!"
ಶೂಟಿಂಗು ಅಂತ ಮೂರು ದಿನ ಹಗ್ಗದಿಂದ ಇಳಿಸಿದ್ದರಂತೆ.
ಮೂರು ದಿನದ ಸಂಬಳವಿಲ್ಲ.
ಕೂರು ಎಂದರು, ಕೂರಲಿಲ್ಲ.
"ಅಲ್ಲ ಮಾರಾಯ್ರೆ, ನೂರು ವರ್ಷ ಕಳೆದ ಮೇಲೆ
ಈ ಗಾಜು ಒರೆಸುವುದು ಯಾರು?"
ಯಂತ್ರ, ಎಂದಿತು ಒಂದು ದನಿ.
"ಯಂತ್ರ ಎಲ್ಲುಂಟು? ಹಗ್ಗ ಇಲ್ಲ, ಬಕೆಟ್ ಇಲ್ಲ.
ಧೂಳಾದ್ರೂ ಕಾಣಬೇಕಲ್ಲ?
ಮರಳುಗಾಳಿಯನ್ನೂ ಕೊಂದರಾ?"

ಸಾಲುಗಳೆಲ್ಲ ಅವನತ್ತ ತಿರುಗಿದ್ದವು.
ಅಷ್ಟರಲ್ಲಿ ಕೊಲೆಗಾರ ತಪ್ಪೊಪ್ಪಿಕೊಂಡನಂತೆ,
ಇನ್ನೂರು ಕಿವಿಗಳ ಹಿಂಭಾಗಕ್ಕೆ.
ದೀಪ ಹತ್ತಿದಾಗ ಕೇಳಿದ್ದು ನನ್ನನ್ನು:
"ಕೊಂದದ್ದು ಯಾರು ಭಾಯ್?"

ಮುಂದಿನ ಆಟಕ್ಕೆ ಶೀನ ಮತ್ತೆ ಹತ್ತು ರಿಯಾಲು ಎಣಿಸಿದ.
ಬೆಳಿಗ್ಗೆ ನಾಲ್ಕಕ್ಕೆ ಬಸ್ಸು, ಕಣ್ಣು ಕೆಂಡ.
ಕುರ್ಚಿಗೆ ಒರಗುತ್ತ ನನ್ನ ತೋಳು ಜಗ್ಗಿದ,
"ಬಿರುಕು ಬರುವಾಗ ಎಬ್ಬಿಸು."

ಟಾರ್ಚು ಆರಿಸಿದ್ದೇನೆ.
ಮೊದಲ ಸಲ ಈ ಕಡೆ ತಿರುಗಿ ನಿಂತಿದ್ದೇನೆ,
ಎಡದಿಂದ ಆರನೆಯದು,
ಎಡದಿಂದ ಆರನೆಯದು.