ಚೆಂಡು ಬರುವ ಮೊದಲು

ಕಂಪನಿ ಕಾರು ಓಡಿಸುವುದು ನನ್ನ ಕೆಲಸ.
ನರಸಾಪುರದ ಗೇಟಿನಿಂದ ಕೋಲಾರದ ಬಾಡಿಗೆ ಮನೆಗೆ,
ಅಲ್ಲಿಂದ ಇಲ್ಲಿಗೆ,
ಹಿಂದಿನ ಸೀಟಿನಲ್ಲಿ ಕುಬೋಕಿ ಸಾನ್.
ಹುಡುಗರ ಬಾಯಲ್ಲಿ ಅವರು ಕುಬೇರ ಸಾರ್.
ತಿದ್ದಿ ತಿದ್ದಿ ಸಾಕಾಗಿ ನಾನೂ ಹಾಗೇ ಅನ್ನುತ್ತೇನೆ.

ಮೊದಲ ವಾರ ನನಗೊಂದು ಅನುಮಾನ:
ಈ ಮನುಷ್ಯ ಯಾರಿಗೋ ಹೆದರಿದ್ದಾರೆ.
ಇಳಿದು ಹತ್ತು ಹೆಜ್ಜೆ ಹಾಕುವುದರೊಳಗೆ
ಎಡ ಹೆಗಲ ಮೇಲಿಂದೊಮ್ಮೆ, ಬಲ ಹೆಗಲ ಮೇಲಿಂದೊಮ್ಮೆ
ಹಿಂದಕ್ಕೆ ನೋಡುತ್ತಾರೆ.
ಎಳನೀರು ಕುಡಿಯುವಾಗಲೂ. ಎಟಿಎಂ ಮುಂದೆಯೂ.
ಸಾಲ ಕೊಟ್ಟವನು ಬೆನ್ನಿಗೇ ಇದ್ದಾನೇನೋ ಎಂಬಂತೆ.

ಆಮೇಲೆ ಗೊತ್ತಾಯಿತು. ಮಿಡ್‌ಫೀಲ್ಡರ್.
ಹದಿನಾಲ್ಕು ವರ್ಷ, ಎರಡನೇ ದರ್ಜೆಯ ಲೀಗು,
ಹಿಮ ಬೀಳುವ ಊರಿನ ಒಂದು ಕಾರ್ಖಾನೆಯ ತಂಡ.
ಬೆಳಿಗ್ಗೆ ಬೇರಿಂಗ್ ತಪಾಸಣೆ, ಊಟದ ಮೇಲೆ ಅಭ್ಯಾಸ,
ಸಂಬಳದ ಚೀಟಿಯಲ್ಲಿ ಆಟದ ಸುದ್ದಿಯೇ ಇಲ್ಲ.
ಚಳಿ ತಡೆಯದೆ ಕಾಲುಚೀಲದೊಳಗೆ
ಮೆಣಸಿನಕಾಯಿ ಇಟ್ಟುಕೊಳ್ಳುತ್ತಿದ್ದರಂತೆ.
ಬ್ಯಾಡಗಿಯೋ ಗುಂಟೂರೋ ಕೇಳಿ, ಅಂದಳು ನಮ್ಮನೆಯವಳು.

ಭಾನುವಾರ, ಕೆರೆ ಪಕ್ಕದ ಮೈದಾನ.
ಕೆಂಪು ಮಣ್ಣು, ನೀಲಗಿರಿ ಗಳದ ಗೋಲು,
ಒಂದು ಕಂಬ ಇನ್ನೊಂದಕ್ಕಿಂತ ಗೇಣು ಗಿಡ್ಡ.
ಇದ್ರೀಸ್ ಕೇಳಿಯೇ ಬಿಟ್ಟ:
ಸಾರ್, ಒಟ್ಟು ಎಷ್ಟು ಗೋಲು ಹೊಡೆದಿದ್ದೀರ?
ಬೆರಳು ಮಡಚಿದರು, ಬಿಚ್ಚಿದರು,
ಹನ್ನೊಂದು ಅಂದರು.
ಹದಿನಾಲ್ಕು ವರ್ಷಕ್ಕೆ!
ಹುಡುಗರ ಮುಖ ಆರಿದ ಬೋಂಡದಂತಾಯಿತು.
ಚಲಪತಿ ತೆಲುಗಿನಲ್ಲಿ ಏನೋ ಅಂದ, ಅದು ಇಲ್ಲಿ ಬೇಡ.

ವಾಪಸು ಬರುವಾಗ
ಅವರ ಅರ್ಧ ಇಂಗ್ಲಿಷಿನಲ್ಲಿ, ನನ್ನ ಕಾಲು ಇಂಗ್ಲಿಷಿಗೆ:
ಚೆಂಡು ಬಂದ ಮೇಲೆ ನೋಡಿದರೆ ತಡ.
ಬರುವ ಮೊದಲೇ ನೋಡಿರಬೇಕು.
ನೀನೂ ಅದನ್ನೇ ಮಾಡುತ್ತೀಯಲ್ಲ,
ಎಂದು ತಲೆ ಮೇಲಿನ ಕನ್ನಡಿ ತೋರಿಸಿದರು.
ಕನ್ನಡಿಯಲ್ಲಿ ನಾನು ಅವರನ್ನೇ ನೋಡುತ್ತಿದ್ದೆ.

ಒಂದು ಮಂಗಳವಾರ ಮಂಡಿಯ ಹತ್ತಿರ ನಿಲ್ಲಿಸು ಅಂದರು.
ಲಾರಿಗೆ ಟೊಮೆಟೊ ಕ್ರೇಟು ಏರುತ್ತಿತ್ತು.
ಕೆಳಗೊಬ್ಬ ಎತ್ತಿಕೊಡುವವನು, ಮೇಲೊಬ್ಬ ಜೋಡಿಸುವವನು,
ನಡುವೆ ಹಲಗೆಯ ಮೇಲೆ ಬೈಯಣ್ಣ.
ಕ್ರೇಟು ಅವನ ಕೈಗೆ ಬಂದದ್ದು ಕಾಣುವುದಿಲ್ಲ,
ಹೋದದ್ದು ಕಾಣುತ್ತದೆ.
ಎಲ್ಲಿ ಸಂದು, ಯಾವ ಕೈ ಖಾಲಿ,
ಅವನ ಕತ್ತು ಮೊದಲೇ ಹೋಗಿ ನೋಡಿ ಬಂದಿರುತ್ತದೆ.
ಇಪ್ಪತ್ತು ನಿಮಿಷ ನಿಂತರು. ಶಿಫ್ಟಿಗೆ ಹೊತ್ತಾಯಿತು.
ಕೊನೆಗೆ ಬೈಯಣ್ಣನಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು.
ಅವನು ಗಾಬರಿಯಾಗಿ ನಾಲ್ಕು ಟೊಮೆಟೊ ಕೊಟ್ಟ.

ಕೊನೆಯ ಪಂದ್ಯದ ಮಾತು ಬಂದದ್ದು ಒಂದೇ ಸಲ.
ಅರವತ್ತಮೂರನೇ ನಿಮಿಷ. ಮಂಡಿ.
ನಮ್ಮಲ್ಲಿ ಟೊಮೆಟೊ ಮಾರುವ ಜಾಗಕ್ಕೂ ಅದೇ ಹೆಸರು, ಎಂದೆ.
ಎರಡಕ್ಕೂ ಭಾರ ಜಾಸ್ತಿ, ಎಂದರು.
ಗೆರೆಯಾಚೆ ಯಾರೋ ದೀಪದ ಹಲಗೆ ಎತ್ತಿದ,
ಅದರಲ್ಲಿ ಇವರ ಅಂಕಿ, ಕೆಂಪಗೆ.
ಒಳಗೆ ಬಂದ ಹುಡುಗನ ಕೈ ತಟ್ಟಿ ಹೊರಗೆ ನಡೆದರು.
ಅದೇ ಕೊನೆ ಎಂದು ಯಾರಿಗೂ ಗೊತ್ತಿರಲಿಲ್ಲ,
ಇವರಿಗೂ.
ಹಾಗಾಗಿ ಯಾರೂ ಎದ್ದು ನಿಲ್ಲಲಿಲ್ಲ.
ಸೋಮವಾರ ಎಂಟಕ್ಕೆ ಬೇರಿಂಗ್ ತಪಾಸಣೆ.

ಮೊನ್ನೆ ಒಬ್ಬ ಕಡಿಮೆ ಬಿದ್ದ. ನನ್ನನ್ನೇ ಎಳೆದರು.
ಐವತ್ತರ ಹೊಟ್ಟೆ, ಪ್ಯಾಂಟು ಮಡಚಿ, ನಡುವೆ ನಿಂತೆ.
ಚಲಪತಿ ಚೆಂಡು ತಳ್ಳಿದ.
ಇಪ್ಪತ್ತೆರಡು ವರ್ಷ ಕನ್ನಡಿ ನೋಡಿದ ಕತ್ತು
ತಾನಾಗಿ ತಿರುಗಿತು:
ಎಡಕ್ಕೆ ಎಮ್ಮೆ, ಹಿಂದೆ ಮೈಮೇಲೆ ಬರುತ್ತಿರುವ ಇಬ್ಬರು,
ಬಲಕ್ಕೆ, ದೂರ, ಒಬ್ಬನೇ ಇದ್ರೀಸ್.
ಚೆಂಡು ನನ್ನ ಕಾಲಿಗೆ ತಾಗಿತೋ ಇಲ್ಲವೋ,
ಹೋಗಿತ್ತು.

ಇದ್ರೀಸ್ ಒದ್ದದ್ದು ಗಿಡ್ಡ ಕಂಬದ ಮೇಲಿಂದ
ಸೀದಾ ನೀಲಗಿರಿ ತೋಪಿಗೆ.
ಅವನನ್ನು ಬೈಯುತ್ತಾ ಎಲ್ಲರೂ ಹುಡುಕಲು ಹೋದರು.
ಗೆರೆಯಾಚೆ ಒಬ್ಬರದೇ ಚಪ್ಪಾಳೆ.
ಯಾರಿಗೆ ಎಂದು ಎಡಕ್ಕೆ ನೋಡಿದೆ,
ಬಲಕ್ಕೆ ನೋಡಿದೆ,
ಹೆಗಲ ಮೇಲಿಂದ ಹಿಂದೆ ನೋಡಿದೆ.
ಎಮ್ಮೆಯೂ ಹೋಗಿಬಿಟ್ಟಿತ್ತು.